ಎಟಿವಿ ಸ್ಪೀಡೋಮೀಟರ್ ಕೆಟ್ಟಿದೆಯಾ? ಹೊಸ ಮೀಟರ್ ತರುವ ಮೊದಲು ಇಷ್ಟು ನೋಡಿ

ಎಟಿವಿ ಅಂದರೆ ಗುಡ್ಡ, ಕೆಸರಲ್ಲೂ ಓಡುವ, ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ. ಅದರ ಸ್ಪೀಡೋಮೀಟರ್ ನಿಂತುಹೋದ ಕೂಡಲೇ ಎಲ್ಲರ ಕಣ್ಣು ಹೋಗುವುದು ಹ್ಯಾಂಡಲ್ ಮೇಲಿರುವ ಮೀಟರ್ ಕಡೆಗೆ. "ಮೀಟರ್ ಹೋಯ್ತು, ಹೊಸದು ಹಾಕ್ಸಿ" ಅನ್ನುವ ಸಲಹೆಯೂ ಪುಕ್ಕಟೆ ಸಿಗುತ್ತದೆ. ಈ ಸಾಲಿನಲ್ಲಿ ಅತಿ ದುಬಾರಿ ಭಾಗ ಅದೇ. ಕೆಡುವುದು ಮಾತ್ರ ಬಹಳ ಸಲ ಬೇರೆ ಭಾಗಗಳು. ಮೀಟರ್ ತಾನಾಗಿ ವೇಗ ಅಳೆಯುವುದಿಲ್ಲ. ಕೆಳಗೆ ಚಕ್ರದ ಹತ್ತಿರವೋ ಗೇರ್‌ಬಾಕ್ಸ್ ಹತ್ತಿರವೋ ಸುತ್ತುಗಳ ಲೆಕ್ಕ ಆಗುತ್ತದೆ, ಅದು ಮೇಲೆ ಬರುತ್ತದೆ, ಮೀಟರ್ ತೋರಿಸುತ್ತದೆ. ಲೆಕ್ಕ ಆಗುವ ಜಾಗವಿರುವುದು ಕೆಸರು, ನೀರು, ಕಲ್ಲೇಟಿನ ನಡುವೆ. ಹಾಗಾಗಿ ತೊಂದರೆಯನ್ನು ಕೆಳಗಿನಿಂದ ಮೇಲಕ್ಕೆ ಹುಡುಕಿಕೊಂಡು ಬರಬೇಕು, ಮೇಲಿನಿಂದ ಕೆಳಕ್ಕಲ್ಲ.

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ಕಾಫಿ ತೋಟದಲ್ಲಿ ಎಟಿವಿ ಓಡಿಸುವವರು "ತೋಟದೊಳಗೆ ಹದಿನೈದು ಕಿಲೋಮೀಟರ್ ಸ್ಪೀಡಲ್ಲಿ ಹೋಗೋಕೆ ಮೀಟರ್ ಯಾಕೆ" ಅಂತ ಸುಮ್ಮನಾಗಿಬಿಡುವುದುಂಟು. ಅರ್ಧ ನಿಜ. ಆದರೆ ಈಗಿನ ಎಟಿವಿಗಳಲ್ಲಿ ವೇಗದ ಲೆಕ್ಕ ಮುಳ್ಳಿಗೆ ಮಾತ್ರ ಹೋಗುವುದಿಲ್ಲ. ಪವರ್ ಸ್ಟೀರಿಂಗ್ ಇರುವ ಗಾಡಿಯಲ್ಲಿ ಕಡಿಮೆ ವೇಗಕ್ಕೆ ಹ್ಯಾಂಡಲ್ ಹಗುರ ಮಾಡುವುದು, ವೇಗ ಏರಿದಂತೆ ಬಿಗಿ ಮಾಡುವುದು ಇದೇ ಲೆಕ್ಕ ನೋಡಿ. ಕೆಲವು ಮಾಡೆಲ್‌ಗಳಲ್ಲಿ ರಿವರ್ಸ್ ವೇಗದ ಮಿತಿ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಸ್ವಿಚ್ಚು ಕೂಡ ಇದನ್ನು ಕೇಳುತ್ತವೆ. ಮೀಟರ್ ಸತ್ತ ದಿನವೇ ಹ್ಯಾಂಡಲ್ ಭಾರ ಆಯಿತು ಅನ್ನಿಸಿದರೆ ಅದು ಕಾಕತಾಳೀಯ ಇರಲಿಕ್ಕಿಲ್ಲ. ಇನ್ನೊಂದು, ಒಟ್ಟು ಓಡಿದ ಕಿಲೋಮೀಟರ್ ತೋರಿಸುವ ಓಡೋಮೀಟರ್ ನಿಂತರೆ ಆಯಿಲ್ ಬದಲಿಸುವ ಲೆಕ್ಕವೂ ತಪ್ಪುತ್ತದೆ. ಇದಕ್ಕೊಂದು ಸಮಾಧಾನ ಇದೆ: ಬಹಳಷ್ಟು ಎಟಿವಿಗಳಲ್ಲಿ ಎಂಜಿನ್ ಎಷ್ಟು ಗಂಟೆ ಓಡಿತು ಅಂತ ತೋರಿಸುವ ಅವರ್ ಮೀಟರ್ ಇರುತ್ತದೆ. ಅದಕ್ಕೂ ಚಕ್ರಕ್ಕೂ ಸಂಬಂಧ ಇಲ್ಲ. ರಿಪೇರಿ ಆಗುವವರೆಗೆ ಸರ್ವಿಸ್ ಲೆಕ್ಕ ಅದರಲ್ಲಿ ಇಟ್ಟುಕೊಳ್ಳಬಹುದು.

ಮೊದಲ ಸಾಕ್ಷಿ ಓಡೋಮೀಟರ್

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಸುತ್ತು ಓಡಿಸಿ, ಓಡೋಮೀಟರ್ ಅಥವಾ ಟ್ರಿಪ್ ಮೀಟರ್ ನೋಡಿ. ವೇಗ ಸೊನ್ನೆ ತೋರಿಸುತ್ತಿದೆ, ಆದರೆ ಕಿಲೋಮೀಟರ್ ಮಾತ್ರ ಏರುತ್ತಿದೆ ಅಂದರೆ ಕೆಳಗಿನಿಂದ ಲೆಕ್ಕ ಸರಿಯಾಗಿ ಬರುತ್ತಿದೆ. ತೊಂದರೆ ಮೀಟರ್ ಒಳಗೇ ಇದೆ. ಎರಡೂ ನಿಂತಿದ್ದರೆ ಲೆಕ್ಕವೇ ಮೇಲೆ ತಲುಪುತ್ತಿಲ್ಲ, ಮೀಟರ್ ನಿರಪರಾಧಿ ಆಗಿರುವ ಸಾಧ್ಯತೆ ಜಾಸ್ತಿ. ಕೇಬಲ್ ಮೀಟರ್ ಆಗಲಿ, ಡಿಜಿಟಲ್ ಆಗಲಿ, ಈ ಪರೀಕ್ಷೆ ಎರಡಕ್ಕೂ ನಡೆಯುತ್ತದೆ. ಒಂದು ರೂಪಾಯಿ ಖರ್ಚಿಲ್ಲ. ಆದರೂ ಇದನ್ನು ಬಿಟ್ಟು ನೇರವಾಗಿ ಹೆಡ್‌ಲೈಟ್ ಕವರ್ ಬಿಚ್ಚುವವರೇ ಹೆಚ್ಚು!

ಇಡೀ ಪರದೆಯೇ ಕತ್ತಲಾಗಿದ್ದರೆ ಅದು ಸ್ಪೀಡೋಮೀಟರ್ ಸಮಸ್ಯೆಯೇ ಅಲ್ಲ. ಫ್ಯೂಸ್, ಬ್ಯಾಟರಿ, ಮೀಟರಿಗೆ ಬರುವ ಕರೆಂಟ್ ನೋಡಬೇಕು. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಎಂಜಿನ್ ನಿಂತಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ವಿಂಚ್ ಹಾಕಿ ಮರದ ದಿಮ್ಮಿ ಎಳೆದ ಮೇಲೆ ಬ್ಯಾಟರಿ ಕುಸಿದು, ಡಿಜಿಟಲ್ ಮೀಟರ್ ಆಫ್ ಆಗಿ ಆನ್ ಆಗುವುದು ಮಾಮೂಲು.

ಕೇಬಲ್ ಇರುವ ಗಾಡಿ

ಹಳೆಯ ಎಟಿವಿಗಳಲ್ಲೂ ಕೆಲವು ಚಿಕ್ಕ, ಅಗ್ಗದ ಗಾಡಿಗಳಲ್ಲೂ ಹಳೆ ಬೈಕಿನ ಹಾಗೆ ಕೇಬಲ್ ಇರುತ್ತದೆ. ಮುಂಚಕ್ರದ ಹಬ್‌ನಲ್ಲಿ ಒಂದು ಸಣ್ಣ ವರ್ಮ್ ಗೇರ್. ಅದು ಕೇಬಲ್ ಒಳಗಿನ ತಂತಿಯನ್ನು ತಿರುಗಿಸುತ್ತದೆ. ಮೇಲೆ ಮೀಟರ್ ಒಳಗೆ ಆ ತಂತಿ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ ಅಲ್ಯೂಮಿನಿಯಂ ಬಟ್ಟಲು. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಬಟ್ಟಲನ್ನೂ ಜೊತೆಗೆ ಎಳೆಯುತ್ತದೆ, ಕೂದಲೆಳೆಯ ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ. ಈ ಜಗ್ಗಾಟ ಎಲ್ಲಿ ಸಮ ಆಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಒಟ್ಟೋ ಶುಲ್ಟ್ಸೆ ಇದಕ್ಕೆ 1902ರಲ್ಲಿ ಪೇಟೆಂಟ್ ಪಡೆದ. ನೂರಕ್ಕೂ ಹೆಚ್ಚು ವರ್ಷ ಕಳೆದರೂ ಮೂಲ ಉಪಾಯ ಹಾಗೇ ಇದೆ.

ಇಲ್ಲಿ ಮುಳ್ಳಿನ ನಡತೆ ನೋಡಿಯೇ ಕಾಯಿಲೆ ಹೇಳಬಹುದು. ಮುಳ್ಳು ಸುಮ್ನೆ ನಡುಗುತ್ತಾ ಹಿಂದೆಮುಂದೆ ಕುಣಿದರೆ ಕೇಬಲ್ ಒಣಗಿದೆ, ಇಲ್ಲವೇ ಎಲ್ಲೋ ಮಡಚಿದೆ. ತಂತಿ ಒಂದು ಕ್ಷಣ ಸಿಕ್ಕಿಕೊಂಡು ಮರುಕ್ಷಣ ಬಿಡಿಸಿಕೊಳ್ಳುವುದು ಮೇಲೆ ಕುಣಿತವಾಗಿ ಕಾಣುತ್ತದೆ. ಮುಳ್ಳು, ಓಡೋಮೀಟರ್ ಎರಡೂ ಸತ್ತಿದ್ದರೆ ತಂತಿ ತುಂಡಾಗಿದೆ ಅಥವಾ ವರ್ಮ್ ಗೇರಿನ ಹಲ್ಲು ಸವೆದಿದೆ. ಮೀಟರ್ ಕಡೆಯ ಕೇಬಲ್ ಬಿಚ್ಚಿ, ಮುಂಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ತಂತಿಯ ಚೌಕನೆಯ ತುದಿ ತಿರುಗಿದರೆ ಕೆಳಗಿನದೆಲ್ಲ ಸರಿ. ತಿರುಗದಿದ್ದರೆ ತಂತಿಯನ್ನು ಹೊರಗೆಳೆಯಿರಿ. ಅರ್ಧವೇ ಕೈಗೆ ಬಂದರೆ ಉತ್ತರವೂ ಕೈಗೆ ಬಂದ ಹಾಗೆ. ಪೂರ್ತಿ ಬಂದರೆ ಎರಡೂ ತುದಿಯ ಚೌಕ ಮೂಲೆಗಳನ್ನು ನೋಡಿ. ಅವು ಸವೆದು ಉರುಟಾಗಿದ್ದರೆ ತಂತಿ ಹಿಡಿತ ಇಲ್ಲದೆ ಜಾರುತ್ತದೆ.

ಹೊಸ ಕೇಬಲ್ ಹಾಕುವಾಗ ತಂತಿಗೆ ತೆಳುವಾಗಿ ಗ್ರೀಸ್ ಸವರಿ. ಮೀಟರ್ ಕಡೆಯ ಕೊನೆಯ ನಾಲ್ಕೈದು ಇಂಚು ಮಾತ್ರ ಒಣಗಿಯೇ ಇರಲಿ. ತಿರುಗುವ ತಂತಿ ಗ್ರೀಸನ್ನು ಮೇಲಕ್ಕೆ ಒಯ್ಯುತ್ತದೆ. ಅದು ಅಯಸ್ಕಾಂತ ಮತ್ತು ಬಟ್ಟಲಿನ ನಡುವೆ ಸೇರಿತೋ, ಮುಳ್ಳು ಮೇಲೇ ಅಂಟಿಕೊಂಡು ನಿಂತ ಗಾಡಿಯಲ್ಲೂ ನಲವತ್ತು ತೋರಿಸುತ್ತದೆ.

ಸೆನ್ಸರ್ ಇರುವ ಗಾಡಿ

ಈಗಿನ ಎಟಿವಿಗಳಲ್ಲಿ ಹೆಚ್ಚಿನವು ಈ ಗುಂಪಿನವು. ತಿರುಗುವ ಹಲ್ಲಿನ ಚಕ್ರದ ಎದುರು ಬೆರಳಿನಷ್ಟು ದಪ್ಪದ ಒಂದು ಸೆನ್ಸರ್ ಕೂತಿರುತ್ತದೆ. ಒಂದೊಂದು ಹಲ್ಲು ಮುಂದೆ ಹಾದಾಗಲೂ ಸೆನ್ಸರ್ ಸುತ್ತಲಿನ ಕಾಂತಕ್ಷೇತ್ರ ಬದಲಾಗುತ್ತದೆ, ಸೆನ್ಸರ್ ಒಂದು ಪಲ್ಸ್ ಕಳಿಸುತ್ತದೆ. ಹೆಚ್ಚಾಗಿ ಇದು ಹಾಲ್ ಸೆನ್ಸರ್. ಇದರ ಹಿಂದಿನ ತತ್ವವನ್ನು ಅಮೆರಿಕದ ಎಡ್ವಿನ್ ಹಾಲ್ 1879ರಲ್ಲೇ ಕಂಡುಹಿಡಿದಿದ್ದ. ಸೆಕೆಂಡಿಗೆ ಎಷ್ಟು ಪಲ್ಸ್ ಬಂತು ಅನ್ನುವುದರ ಮೇಲೆ ಮೀಟರ್ ವೇಗ ಲೆಕ್ಕ ಹಾಕುತ್ತದೆ.

ಒಂದು ಉದಾಹರಣೆ. 25 ಇಂಚಿನ ಟಯರ್ ಒಂದು ಸುತ್ತಿಗೆ ಹತ್ತಿರ ಹತ್ತಿರ 2 ಮೀಟರ್ ಹೋಗುತ್ತದೆ. ಗಂಟೆಗೆ 20 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 5.6 ಮೀಟರ್, ಅಂದರೆ 2.8 ಸುತ್ತು. ಚಕ್ರದ ಜೊತೆ ತಿರುಗುವ ರಿಂಗ್‌ನಲ್ಲಿ 16 ಹಲ್ಲು ಇದೆ ಅಂದುಕೊಳ್ಳಿ. ಸೆಕೆಂಡಿಗೆ ಸುಮಾರು 45 ಪಲ್ಸ್ ಮೇಲೆ ಹೋಗಬೇಕು. ಅದರಲ್ಲಿ ಹತ್ತು ತಪ್ಪಿಹೋದರೆ ಮೀಟರ್ ಸುಮಾರು 15 ಅನ್ನುತ್ತದೆ. ಮೀಟರ್ ಸುಳ್ಳು ಹೇಳಲಿಲ್ಲ, ಬಂದಷ್ಟನ್ನೇ ಹೇಳಿತು.

ಸೆನ್ಸರ್ ಎಲ್ಲಿದೆ ಅನ್ನುವುದು ಮಾಡೆಲ್ ಮೇಲೆ ಹೋಗುತ್ತದೆ. ಕೆಲವದರಲ್ಲಿ ಮುಂಚಕ್ರದ ಹಬ್ ಹತ್ತಿರ, ಈಚಿನ ಬಹಳಷ್ಟರಲ್ಲಿ ಗೇರ್‌ಬಾಕ್ಸ್ ಮೇಲೆ. ಗೊತ್ತಿಲ್ಲದಿದ್ದರೆ ಕೆಸರೇ ಹೇಳಿಕೊಡುತ್ತದೆ. ಎರಡು ಚಕ್ರದ ಡ್ರೈವ್‌ನಲ್ಲಿ ಗಾಡಿ ಹೂತು, ಹಿಂಚಕ್ರ ಸುಮ್ನೆ ಸುತ್ತುತ್ತಿರುವಾಗ ಮೀಟರ್ ಸೊನ್ನೆ ತೋರಿಸಿದರೆ ಸೆನ್ಸರ್ ಮುಂದಿದೆ. ಗಾಡಿ ನಿಂತಲ್ಲೇ ನಿಂತಿದ್ದು ಮೀಟರ್ ಇಪ್ಪತ್ತು ಮೂವತ್ತು ತೋರಿಸಿದರೆ ಸೆನ್ಸರ್ ಗೇರ್‌ಬಾಕ್ಸ್ ಕಡೆ ಇದೆ. ಎರಡನ್ನೂ "ಮೀಟರ್ ಕೆಟ್ಟಿದೆ" ಅಂತ ಗ್ಯಾರೇಜಿಗೆ ತರುವವರಿದ್ದಾರೆ. ಎರಡೂ ದೋಷ ಅಲ್ಲ.

ಕೈ ಕೊಳೆ ಮಾಡಿಕೊಳ್ಳುವ ಭಾಗ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ. ನೆಲದಲ್ಲೇ ಉಳಿಯುವ ಚಕ್ರಗಳಿಗೆ ಹಿಂದೆಮುಂದೆ ಕಲ್ಲು ಕೊಡಿ. ಜಾಕಿ ಕೊಟ್ಟು ಎತ್ತಿದ ಮೇಲೆ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜಾಕಿ ನಂಬಿ ಕೈ ಹಾಕಬೇಡಿ. ಎಂಜಿನ್ ಸ್ಟಾರ್ಟ್ ಮಾಡುವ ಅಗತ್ಯವೇ ಇಲ್ಲ. ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಸಾಕು.

ಮೊದಲು ಕಣ್ಣಿಂದ ನೋಡುವ ಕೆಲಸ. ಸೆನ್ಸರಿನಿಂದ ಹೊರಟ ವೈರನ್ನು ಬೆರಳಲ್ಲಿ ಹಿಡಿದುಕೊಂಡೇ ಮೇಲಕ್ಕೆ ಹೋಗಿ. ಮುಂಚಕ್ರದ ಸೆನ್ಸರ್ ಆದರೆ ಸಸ್ಪೆನ್ಷನ್ ಮೇಲೆ ಕೆಳಗೆ ಆಡುವ ಜಾಗ, ಹ್ಯಾಂಡಲ್ ತಿರುಗುವ ಕುತ್ತಿಗೆ, ಈ ಎರಡು ಕಡೆ ವೈರ್ ಮೇಲಿನ ಪ್ಲಾಸ್ಟಿಕ್ ಚೆನ್ನಾಗಿದ್ದು ಒಳಗಿನ ತಾಮ್ರ ಮುರಿದಿರುತ್ತದೆ. ಅಂಥ ಜಾಗ ಮುಟ್ಟಿದರೆ ಮೆತ್ತಗೆ, ಸುಲಭವಾಗಿ ಬಾಗುತ್ತದೆ. ತೋಟದ ಶೆಡ್ಡಿನಲ್ಲಿ ನಿಲ್ಲಿಸುವ ಗಾಡಿಯಾದರೆ ಇಲಿ ಹಲ್ಲಿನ ಗುರುತನ್ನೂ ಹುಡುಕಿ. ಸೀಟಿನ ಕೆಳಗೆ, ಏರ್ ಫಿಲ್ಟರ್ ಪಕ್ಕ ಅವಕ್ಕೆ ಬಹಳ ಇಷ್ಟ.

ನಂತರ ಕಪ್ಲರ್, ಅಂದರೆ ವೈರುಗಳನ್ನು ಸೇರಿಸುವ ಪ್ಲಾಸ್ಟಿಕ್ ಜೋಡಣೆ. ನನ್ನನ್ನು ಕೇಳಿದರೆ ಮಲೆನಾಡಿನ ಮಳೆಗಾಲದಲ್ಲಿ ಮೊದಲ ಅನುಮಾನ ಪಡಬೇಕಾದ್ದು ಇದರ ಮೇಲೆ. ಗಾಡಿ ತೊಳೆಯುವಾಗ ಪ್ರೆಶರ್ ವಾಶ್‌ನ ನೀರನ್ನು ಹತ್ತಿರದಿಂದ ಬಿಟ್ಟರೆ ಕಪ್ಲರಿನ ರಬ್ಬರ್ ಸೀಲನ್ನೂ ದಾಟಿ ಒಳಗೆ ನುಗ್ಗುತ್ತದೆ. ಹೊರಗೆ ಬರಲು ಅದಕ್ಕೆ ದಾರಿ ಇಲ್ಲ. ಬಿಚ್ಚಿ ನೋಡಿದರೆ ಪಿನ್ ಮೇಲೆ ಹಸಿರು ಪುಡಿ ಕಾಣುತ್ತದೆ, ತಾಮ್ರ ಕೊಳೆತ ಗುರುತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ. ಸೀಲಿನ ಸುತ್ತ ಸ್ವಲ್ಪ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ ಮತ್ತೆ ಸೇರಿಸಿ. ಸೇರಿಸುವಾಗ 'ಟಿಕ್' ಅನ್ನಬೇಕು. ಅನ್ನದಿದ್ದರೆ ಲಾಕ್ ಮುರಿದಿದೆ, ನಾಲ್ಕು ಗುಂಡಿ ಹಾರುವಷ್ಟರಲ್ಲಿ ಮತ್ತೆ ಸಡಿಲ ಆಗುತ್ತದೆ.

ಆಮೇಲೆ ಸೆನ್ಸರ್ ಬಿಚ್ಚಿ ತುದಿ ನೋಡಿ. ಒಳಗೆ ಅಯಸ್ಕಾಂತ ಇರುವ ಸೆನ್ಸರ್ ಆದರೆ ತುದಿಗೆ ಕಬ್ಬಿಣದ ಪುಡಿ ಅಂಟಿ ಮೀಸೆಯ ಹಾಗೆ ನಿಂತಿರುತ್ತದೆ. ಹಲ್ಲುಗಳು ಹಾದುಹೋಗುವುದು ಆಗ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಗಾಡಿ ಅಲ್ಲೇ ಸರಿಹೋಗುತ್ತದೆ. ಗೇರ್‌ಬಾಕ್ಸ್ ಸೆನ್ಸರಿನ ಮೇಲೆ ಕರಿ ಪೇಸ್ಟಿನಂತೆ ತೆಳುವಾಗಿ ಇದ್ದರೆ ಮಾಮೂಲಿ ಸವೆತ. ಉಗುರಿಗೆ ತಾಗುವಷ್ಟು ದೊಡ್ಡ ಚೂರು ಇದ್ದರೆ ಸ್ಪೀಡೋಮೀಟರ್ ಚಿಂತೆ ಆಮೇಲೆ, ಗೇರ್ ಆಯಿಲ್ ಇಳಿಸಿ ನೋಡಿ.

ಮಲ್ಟಿಮೀಟರ್ ಹಿಡಿದಾಗ

ಹಾಲ್ ಸೆನ್ಸರಿಗೆ ಮೂರು ವೈರ್: ಕರೆಂಟ್, ಅರ್ಥ್, ಸಿಗ್ನಲ್. ಯಾವ ಬಣ್ಣ ಯಾವುದು ಅನ್ನುವುದಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ. ಆ ಮಾಡೆಲಿನ ವೈರಿಂಗ್ ಚಿತ್ರ ನೋಡಲೇಬೇಕು. ಎರಡೇ ವೈರ್ ಇದ್ದರೆ ಅದು ಬಹುಪಾಲು ಸುರುಳಿ ಇರುವ ಬೇರೆ ಜಾತಿಯ ಸೆನ್ಸರ್, ಅದರ ರೆಸಿಸ್ಟೆನ್ಸ್ ಅಳೆದು ಮ್ಯಾನುಯಲ್ ಜೊತೆ ಹೋಲಿಸಬಹುದು. ಹಾಲ್ ಸೆನ್ಸರಿಗೆ ಆ ಪರೀಕ್ಷೆ ಅರ್ಥವಿಲ್ಲದ್ದು. ಒಳಗೆ ಇಲೆಕ್ಟ್ರಾನಿಕ್ ಚಿಪ್ ಇರುವುದರಿಂದ ಓಮ್ ಲೆಕ್ಕ ಏನನ್ನೂ ಹೇಳುವುದಿಲ್ಲ.

ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಗಾಡಿ ಕಡೆಯ ಪಿನ್‌ಗಳಲ್ಲಿ ಅಳೆಯಿರಿ. ಕರೆಂಟ್ ಪಿನ್ನಿನಲ್ಲಿ ಮಾಡೆಲ್ ಪ್ರಕಾರ 5 ವೋಲ್ಟ್ ಅಥವಾ ಬ್ಯಾಟರಿಯಷ್ಟು ವೋಲ್ಟ್ ಇರಬೇಕು. ಇಲ್ಲ ಅಂದರೆ ಸೆನ್ಸರ್ ಬದಲಿಸಿ ಏನೂ ಪ್ರಯೋಜನ ಇಲ್ಲ, ಅದಕ್ಕೆ ಊಟವೇ ಸಿಗುತ್ತಿಲ್ಲ. ಈಗ ಕಪ್ಲರ್ ಸೇರಿಸಿ, ಹಿಂಬದಿಯಿಂದ ಸಣ್ಣ ಪಿನ್ ತೂರಿಸಿ, ಬ್ಯಾಟರಿ ನೆಗೆಟಿವ್‌ಗೂ ಸೆನ್ಸರಿನ ಅರ್ಥ್ ವೈರಿಗೂ ನಡುವೆ ಅಳೆಯಿರಿ. 0.1 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ಥಿಂಗ್ ಎಲ್ಲೋ ಕೆಟ್ಟಿದೆ.

ಕೊನೆಗೆ ಸಿಗ್ನಲ್ ವೈರ್. ಇಲ್ಲಿ ಚಕ್ರವನ್ನು ಬಹಳ ನಿಧಾನ, ಬೆರಳಷ್ಟು ಬೆರಳಷ್ಟೇ ತಿರುಗಿಸಬೇಕು. ಮಲ್ಟಿಮೀಟರ್ ಸೊನ್ನೆಯ ಹತ್ತಿರ ಒಮ್ಮೆ, ಪೂರ್ತಿ ವೋಲ್ಟೇಜಿಗೆ ಒಮ್ಮೆ ಹಾರಬೇಕು. ಹಾಗೆ ಹಾರಿದರೆ ಸೆನ್ಸರ್ ಬದುಕಿದೆ. ಚಕ್ರ ಜೋರಾಗಿ ತಿರುಗಿಸಿದರೆ ಮಲ್ಟಿಮೀಟರ್ ಸರಾಸರಿ ತೋರಿಸುತ್ತದೆ, 5 ವೋಲ್ಟ್ ಬದಲು ಎರಡೂವರೆ ಆಸುಪಾಸು. ಇದನ್ನು ನೋಡಿ "ವೋಲ್ಟೇಜ್ ಕಮ್ಮಿ ಬರ್ತಿದೆ" ಅಂತ ಸೆನ್ಸರ್ ಎಸೆಯಬೇಡಿ.

ಗೇರ್‌ಬಾಕ್ಸ್ ಸೆನ್ಸರ್ ಇದ್ದರೆ ಇನ್ನೊಂದು ಸೂಕ್ಷ್ಮ ಇದೆ. ಡಿಫರೆನ್ಷಿಯಲ್ (ಎರಡು ಬದಿಯ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಲಾಕ್ ಆಗದ ಗಾಡಿಯಲ್ಲಿ ಎರಡೂ ಚಕ್ರ ಎತ್ತಿ ಒಂದನ್ನು ಮಾತ್ರ ತಿರುಗಿಸಿದರೆ ಇನ್ನೊಂದು ಉಲ್ಟಾ ತಿರುಗುತ್ತದೆ, ನಡುವಿನ ಶಾಫ್ಟ್ ಅಲ್ಲಾಡುವುದೇ ಇಲ್ಲ. ಸೆನ್ಸರ್ ಎದುರು ಹಲ್ಲು ಚಲಿಸದೆ ಪಲ್ಸ್ ಎಲ್ಲಿಂದ ಬರಬೇಕು? ಒಬ್ಬರು ಆ ಚಕ್ರ ಹಿಡಿದುಕೊಂಡಿರಲಿ, ಇನ್ನೊಬ್ಬರು ಈ ಚಕ್ರ ತಿರುಗಿಸಲಿ.

ಸೆನ್ಸರ್ ಸತ್ತಿದೆ ಅಂತ ಅನ್ನಿಸಿದರೂ ಹೊಸದು ತರಿಸುವ ಮೊದಲು ವೈರ್ ಮತ್ತು ಮೀಟರ್ ಸರಿ ಇವೆಯಾ ಅಂತ ಖಾತ್ರಿ ಮಾಡಿಕೊಳ್ಳಲು ಒಂದು ಉಪಾಯ ಇದೆ. ಬಹಳಷ್ಟು ಗಾಡಿಗಳಲ್ಲಿ ಸಿಗ್ನಲ್ ವೈರಿಗೆ ವೋಲ್ಟೇಜ್ ಕೊಡುವುದು ಮೀಟರ್ ಅಥವಾ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್). ಸೆನ್ಸರ್ ಅದನ್ನು ಅರ್ಥ್‌ಗೆ ಎಳೆದು ಬಿಡುತ್ತದೆ, ಅಷ್ಟೇ. ಹಾಗಾಗಿ ಸೆನ್ಸರ್ ಬಿಚ್ಚಿ, ಕೀ ಆನ್ ಇಟ್ಟು, ಗಾಡಿ ಕಡೆಯ ಸಿಗ್ನಲ್ ಪಿನ್ನನ್ನು 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಅರ್ಥ್‌ಗೆ ಟಕಟಕ ತಾಗಿಸಿ. ಮೀಟರ್ ಒಂದೆರಡು ಕಿಲೋಮೀಟರ್ ವೇಗ ಮಿನುಗಿಸಿದರೂ ಸಾಕು, ವೈರಿಂಗೂ ಮೀಟರೂ ಸರಿ ಇವೆ, ತಪ್ಪು ಸೆನ್ಸರಿನದೇ. ಏನೂ ಕಾಣದಿದ್ದರೆ ಮೀಟರ್ ಕೆಟ್ಟಿದೆ ಅಂತ ಇದೊಂದರಿಂದಲೇ ಹೇಳಲಾಗದು, ಕೈಯ ವೇಗ ಅದಕ್ಕೆ ಸಾಲದೆಯೂ ಇರಬಹುದು. ರೆಸಿಸ್ಟರ್ ಯಾಕೆ ಅಂದರೆ, ಕಣ್ತಪ್ಪಿ ಕರೆಂಟ್ ಪಿನ್ನಿಗೆ ತಾಗಿಸಿದರೂ ಏನೂ ಸುಡುವುದಿಲ್ಲ.

ಚೆಕ್ ಎಂಜಿನ್ ದೀಪ ಹತ್ತಿದ್ದರೆ ಅರ್ಧ ಕೆಲಸ ಗಾಡಿಯೇ ಮಾಡಿಕೊಟ್ಟಿರುತ್ತದೆ. ಪೋಲಾರಿಸ್ ಕಂಪನಿಯ ಈಚಿನ ಎಟಿವಿಗಳು ಮೀಟರ್ ಪರದೆಯಲ್ಲೇ ಎರಡು ಸಂಖ್ಯೆ ತೋರಿಸುತ್ತವೆ. ಮೊದಲನೆಯದು 84 ಅಂದರೆ ವಾಹನದ ವೇಗದ ಸಿಗ್ನಲ್. ಟ್ರಕ್‌ಗಳಲ್ಲಿ ಬಳಸುವ ಜೆ1939 ಪದ್ಧತಿಯ ಸಂಖ್ಯೆಗಳೇ ಇವು. ಜೊತೆಗಿನ ಎರಡನೇ ಸಂಖ್ಯೆ ಯಾವ ಥರದ ದೋಷ ಅಂತ ಹೇಳುತ್ತದೆ: 3 ಇದ್ದರೆ ವೋಲ್ಟೇಜ್ ಜಾಸ್ತಿ, 4 ಇದ್ದರೆ ಕಡಿಮೆ, 2 ಇದ್ದರೆ ಏರುಪೇರು.

ನಿಂತ ಗಾಡಿಗೆ ವೇಗ, ಓಡುವ ಗಾಡಿಗೆ ತಪ್ಪು ವೇಗ

ಗಾಡಿ ನಿಂತಿದೆ, ಎಂಜಿನ್ ಓಡುತ್ತಿದೆ, ಮೀಟರ್ ಹನ್ನೆರಡು, ಮೂವತ್ತು, ಏಳು ಅಂತ ಬಾಯಿಗೆ ಬಂದದ್ದು ಹೇಳುತ್ತಿದೆ. ಇಲ್ಲಿ ಪಲ್ಸ್ ಕಮ್ಮಿ ಆಗಿಲ್ಲ, ಬೇಡದ ಪಲ್ಸ್ ಸೇರುತ್ತಿವೆ. ಸ್ಪಾರ್ಕ್ ಪ್ಲಗ್‌ನ ಕಿಡಿ ಕೂಡ ವೈರಿಗೆ ಗದ್ದಲ ತುಂಬುತ್ತದೆ. ರೆಸಿಸ್ಟರ್ ಇರುವ ಪ್ಲಗ್ ಬೇಕಾದ ಕಡೆ ಇಲ್ಲದ ಪ್ಲಗ್ ಹಾಕಿದ್ದರೆ ಇದು ಜೋರಾಗುತ್ತದೆ. ಇನ್ನೊಂದು ಕಾರಣ ಆಮೇಲೆ ಹಾಕಿಸಿದ ಎಲ್‌ಇಡಿ ಲೈಟ್ ಬಾರ್, ವಿಂಚ್. ಅವುಗಳ ಅರ್ಥ್ ವೈರನ್ನು ಹತ್ತಿರ ಸಿಕ್ಕಿದ ಬೋಲ್ಟಿಗೆ ಸುತ್ತಿರುತ್ತಾರೆ. ಲೈಟ್ ಆಫ್ ಮಾಡಿದಾಗ ಮೀಟರ್ ಸುಮ್ಮನಾದರೆ ಕಳ್ಳ ಸಿಕ್ಕಿದ. ಅದರ ಅರ್ಥನ್ನು ನೇರವಾಗಿ ಬ್ಯಾಟರಿಗೆ ಒಯ್ಯಿರಿ.

ವೇಗ ತೋರಿಸುತ್ತದೆ, ಆದರೆ ತಪ್ಪು ತೋರಿಸುತ್ತದೆ ಅನ್ನಿಸಿದರೆ ಮೊಬೈಲಿನ ಜಿಪಿಎಸ್ ಜೊತೆ ಹೋಲಿಸಿ. ಸಿಲ್ವರ್ ಓಕ್ ಮರಗಳ ಕೆಳಗೆ ಬೇಡ, ಅಲ್ಲಿ ಜಿಪಿಎಸ್ಸೇ ತಡವರಿಸುತ್ತದೆ. ಬಯಲಲ್ಲಿ, ನೇರ ದಾರಿಯಲ್ಲಿ, ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಿ. ಮೀಟರ್ ಒಂದೆರಡು ಕಿಲೋಮೀಟರ್ ಜಾಸ್ತಿ ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ, ಕಂಪನಿಗಳು ಬೇಕೆಂದೇ ಹಾಗೆ ಇಡುತ್ತವೆ. ಕಾರುಗಳಿಗೆ ಇರುವ ವಿಶ್ವಸಂಸ್ಥೆಯ 39ನೇ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ಹೆಚ್ಚು ತೋರಿಸಬಹುದು.

ಜಿಪಿಎಸ್ 40 ಅಂದಾಗ ಮೀಟರ್ 25 ಅಂದರೆ? ರಿಪೇರಿ ಏನೂ ಬೇಡ. ಯಾರೋ ಮೋಡ್ ಬಟನ್ ಒತ್ತಿ ಮೈಲಿಗೆ ಬದಲಿಸಿದ್ದಾರೆ. 25 ಮೈಲಿ ಅಂದರೆ 40 ಕಿಲೋಮೀಟರ್ ಅಲ್ವಾ.

ಎಲ್ಲ ವೇಗದಲ್ಲೂ ಒಂದೇ ಪ್ರಮಾಣದಲ್ಲಿ ಕಡಿಮೆ ತೋರಿಸುತ್ತಿದ್ದರೆ ಟಯರ್ ನೋಡಿ. 25 ಇಂಚಿನ ಬದಲು 27 ಹಾಕಿಸಿದ್ದರೆ ಪ್ರತಿ ಸುತ್ತಿಗೆ ಗಾಡಿ 8 ಶೇಕಡಾ ಹೆಚ್ಚು ಹೋಗುತ್ತದೆ, ಮೀಟರಿಗೆ ಅದು ಗೊತ್ತಿಲ್ಲ. ಮೀಟರ್ 30 ಅನ್ನುವಾಗ ನಿಜವಾದ ವೇಗ 32.4. ಓಡೋಮೀಟರ್ 1000 ದಾಟುವಾಗ ಗಾಡಿ ಓಡಿರುವುದು 1080 ಕಿಲೋಮೀಟರ್. ಕೆಲವು ಮಾಡೆಲ್‌ಗಳಲ್ಲಿ ಡೀಲರ್ ಹತ್ತಿರ ಟಯರ್ ಅಳತೆ ಬದಲಿಸಿಕೊಳ್ಳಬಹುದು. ಇಲ್ಲದಿದ್ದರೆ ಸಿಗ್ನಲ್ ವೈರಿನ ನಡುವೆ ಕೂರಿಸುವ ಕರೆಕ್ಟರ್ ಪೆಟ್ಟಿಗೆಗಳು ಸಿಗುತ್ತವೆ. ಎಂಟು ಶೇಕಡಾಕ್ಕೆ ಅದರ ಗೊಡವೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಳೆ ಗಾಡಿಗೆ ಹೊಸ ಎಲೆಕ್ಟ್ರಾನಿಕ್ ಡಬ್ಬಿ ಸೇರಿಸಿದರೆ ಕೆಡಲು ಇನ್ನೊಂದು ಕಪ್ಲರ್ ಸೇರಿಸಿದ ಹಾಗೆ.

ಭಾಗ ಬದಲಿಸುವಾಗ

ಹೊಸ ಸೆನ್ಸರ್ ಜೊತೆ ಹೊಸ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಹಾಕಿ. ಗೇರ್‌ಬಾಕ್ಸ್ ಸೆನ್ಸರ್ ಆದರೆ ಹಳೆಯ ಓ-ರಿಂಗ್ ಪಕ್ಕದಿಂದಲೇ ಆಯಿಲ್ ಸೋರಲು ಶುರು ಆಗುತ್ತದೆ. ಬೋಲ್ಟ್ ಸಣ್ಣದು, ಕೇಸಿಂಗ್ ಅಲ್ಯೂಮಿನಿಯಂ. ಶಕ್ತಿ ಹಾಕಿ ಬಿಗಿದರೆ ಥ್ರೆಡ್ ಕಿತ್ತು ಬರುತ್ತದೆ. ಸೆನ್ಸರ್ ತುದಿಗೂ ಹಲ್ಲಿಗೂ ಇರಬೇಕಾದ ಅಂತರವನ್ನು ಮ್ಯಾನುಯಲ್‌ನಲ್ಲಿ ನೋಡಿ. ವಾಷರ್ ಒಂದು ಜಾಸ್ತಿ ಹಾಕಿದರೂ ಪಲ್ಸ್ ತಪ್ಪಬಹುದು. ಮುಂಚಕ್ರದ ವೈರನ್ನು ಮೊದಲಿದ್ದ ದಾರಿಯಲ್ಲೇ ಕಟ್ಟಿ, ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ ಎಲ್ಲೂ ಎಳೆಯುತ್ತಿಲ್ಲ ಅಂತ ನೋಡಿಕೊಳ್ಳಿ.

ಎಲ್ಲ ಪರೀಕ್ಷೆ ಮುಗಿದು ಮೀಟರೇ ಕೆಟ್ಟಿದೆ ಅಂತ ಗೊತ್ತಾದರೂ ಒಳಗೆ ಬರೀ ನೀರಿನ ಆವಿ ಕೂತಿದೆಯೇ ಅಂತ ಒಮ್ಮೆ ನೋಡಿ. ಬಿಚ್ಚಿ ಒಂದೆರಡು ದಿನ ಬೆಚ್ಚಗಿನ, ಗಾಳಿಯಾಡುವ ಜಾಗದಲ್ಲಿ ಇಟ್ಟರೆ ಕೆಲವು ಮೀಟರ್ ಚೇತರಿಸಿಕೊಳ್ಳುತ್ತವೆ. ಸುಡುಬಿಸಿಲು, ಹೇರ್ ಡ್ರೈಯರ್ ಬೇಡ, ಪರದೆ ಕಪ್ಪಾಗುತ್ತದೆ. ಹೊಸದನ್ನೇ ಹಾಕಿಸುವುದಾದರೆ ಹಳೆಯದರ ಕಿಲೋಮೀಟರ್ ಮತ್ತು ಗಂಟೆಯ ಲೆಕ್ಕವನ್ನು ಬಿಚ್ಚುವ ಮೊದಲೇ ಫೋಟೋ ತೆಗೆದು, ಸರ್ವಿಸ್ ಪುಸ್ತಕದಲ್ಲಿ ತಾರೀಖಿನ ಜೊತೆ ಬರೆಸಿಕೊಳ್ಳಿ. ಹೊಸ ಮೀಟರ್ ಸೊನ್ನೆಯಿಂದ ಶುರುವಾದರೆ ಮುಂದೆ ಗಾಡಿ ಮಾರುವಾಗ ತೋರಿಸಲು ಬೇರೆ ದಾಖಲೆ ಇರುವುದಿಲ್ಲ.